ಹಿಪ್ಪುನೇರಳೆ ಕಡ್ಡಿ ಕೊಯ್ದವರು

ನಮ್ಮಮ್ಮ ಮಾಡದ ತಪ್ಪನ್ನು ಊರಿನವರ ಮುಂದೆ ಒಪ್ಪಿಕೊಂಡಾಗ ನಾನು ಒಂಬತ್ತನೇ ಕ್ಲಾಸಿನಲ್ಲಿದ್ದೆ. ಅದು ಅವಳು ಮಾಡದ ತಪ್ಪು ಅಂತ ತಿಳಿದಾಗ ನನಗೆ ಮೂವತ್ತಾರು ವರ್ಷ. ನಡುವಿನ ಅಷ್ಟೂ ವರ್ಷ ಅವಳೇ ಮಾಡಿದ್ದು ಅಂತ ನಾನು ನಂಬಿದ್ದೆ. ಊರು ನಂಬಿದ್ದನ್ನು ಹೇಗೋ ಕ್ಷಮಿಸಬಹುದು. ಊರೇನು ಅವಳ ಹೊಟ್ಟೆಯಲ್ಲಿ ಹುಟ್ಟಿದ್ದಲ್ಲ.

ನಮ್ಮೂರು ಶಿಡ್ಲಘಟ್ಟದಿಂದ ಮುಕ್ಕಾಲು ಗಂಟೆ ನಡಿಗೆಯ ದೂರದಲ್ಲಿದೆ. ಸುತ್ತ ಎಲ್ಲಿ ನೋಡಿದರೂ ಹಿಪ್ಪುನೇರಳೆ. ಅಪ್ಪ ನಾನು ಚಿಕ್ಕವಳಿದ್ದಾಗಲೇ ಜ್ವರ ಬಂದು ತೀರಿಕೊಂಡಿದ್ದ. ಅಮ್ಮ ಊರಿನ ದೊಡ್ಡ ತೋಟವೊಂದಕ್ಕೆ ಸೊಪ್ಪು ಕೊಯ್ಯುವ ಕೆಲಸಕ್ಕೆ ಹೋಗುತ್ತಿದ್ದಳು. ಬೆಳಗ್ಗೆ ಮಂಜು ಆರುವ ಮುಂಚೆ ಕುಡುಗೋಲು ಹಿಡಿದು ಸಾಲಿಗೆ ಇಳಿದರೆ ಅವಳ ಕೈ ಓಡುವ ವೇಗಕ್ಕೆ ಉಳಿದ ಹೆಂಗಸರು ಹಿಂದೆ ಬೀಳುತ್ತಿದ್ದರು. ಕಡ್ಡಿಯ ಸಿಪ್ಪೆ ಸೀಳದ ಹಾಗೆ ಓರೆಯಾಗಿ ಒಂದೇ ಏಟಿಗೆ ಕೊಯ್ಯುತ್ತಿದ್ದಳು. ತೋಟದ ಯಜಮಾನರೇ ಹೊಸಬರನ್ನು ಕರೆದು, "ಅವಳು ಕೊಯ್ಯೋದ ನೋಡಿ ಕಲೀರಿ" ಅನ್ನುತ್ತಿದ್ದುದು ನನಗೆ ನೆನಪಿದೆ.

ಆ ವರ್ಷ ಅರ್ಧ ವಾರ್ಷಿಕ ಪರೀಕ್ಷೆ ಹತ್ತಿರವಿದ್ದಾಗ ಯಜಮಾನರ ಮನೆಯಲ್ಲಿ ರೇಷ್ಮೆ ಹುಳು ಹಣ್ಣಾದವು. ಹಣ್ಣಾದ ಹುಳುಗಳನ್ನು ಒಂದೊಂದಾಗಿ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಂಕಿಗೆ ಬಿಡಬೇಕು. ಎರಡು ದಿನದಲ್ಲಿ ಮುಗಿಯಬೇಕಾದ ಕೆಲಸ. ಎಷ್ಟು ಕೈ ಇದ್ದರೂ ಸಾಲದು. ಯಜಮಾನರ ಹೆಂಡತಿ ನನ್ನನ್ನು ಕಳಿಸು ಅಂದರು. ಅಮ್ಮ ಆಗಲ್ಲ ಅಂದಳು. "ಪರೀಕ್ಷೆ ಐತೆ ತಾಯಿ, ಸ್ಕೂಲು ಬಿಡ್ಸಲ್ಲ" ಅಂದಳು. ನಮ್ಮ ಕೇರಿಯ ಹೆಂಗಸು ಆ ಮನೆಯ ಅಂಗಳದಲ್ಲಿ ನಿಂತು ಆಗಲ್ಲ ಅಂದದ್ದು ಬಹುಶಃ ಅದೇ ಮೊದಲು. ಯಜಮಾನರ ಹೆಂಡತಿ ತಿರುಗಿ ಒಳಗೆ ಹೋದರಂತೆ.

ಅದಾಗಿ ವಾರಕ್ಕೆ ತೋಟದ ಒಂದು ಮೂಲೆಯಲ್ಲಿ ಕಡ್ಡಿಗಳು ಒಣಗತೊಡಗಿದವು. ಬುಡ ಹಸಿರಾಗೇ ಇತ್ತು. ಮೊಣಕಾಲೆತ್ತರದಿಂದ ಮೇಲಕ್ಕೆ ಎಲೆಯೆಲ್ಲ ಬಾಡಿ ಜೋತುಬಿದ್ದಿತ್ತು. ಮೊದಲು ನಾಲ್ಕು ಗಿಡ, ಆಮೇಲೆ ಹತ್ತು, ಆಮೇಲೆ ಒಂದು ಸಾಲಿಗೆ ಸಾಲು.

ಅವತ್ತು ಭಾನುವಾರ. ನಾನೂ ಅಮ್ಮನ ಜೊತೆ ತೋಟಕ್ಕೆ ಹೋಗಿದ್ದೆ, ಬದುವಿನ ಮೇಲೆ ಕೂತು ಸಮಾಜ ವಿಜ್ಞಾನ ಓದುತ್ತಿದ್ದೆ. ಯಜಮಾನರು ಒಣಗಿದ ಒಂದು ಕಡ್ಡಿಯನ್ನು ಹಿಡಿದುಕೊಂಡು ಬಂದರು.

"ಏನೇ ಇದು?"

ಅಮ್ಮ ನೋಡಿದಳು. "ಒಣಗೈತೆ ಸಾಮಿ."

"ಒಣಗೈತೆ ಅಂತ ನಂಗೂ ಕಾಣ್ತೈತೆ. ಯಾಕೆ ಒಣಗೈತೆ? ಇಲ್ಲಿ ನೋಡು."

ಕಡ್ಡಿಯ ಸುತ್ತ, ಬೆರಳಿಗೆ ಉಂಗುರ ತೊಡಿಸಿದ ಹಾಗೆ, ಸಿಪ್ಪೆಯನ್ನೂ ಅದರ ಕೆಳಗಿನ ಮರವನ್ನೂ ಕೊಯ್ದು ತೆಗೆದಿತ್ತು. ಅಂಚು ನುಣ್ಣಗಿತ್ತು. ಚಾಕು ಹಿಡಿದು ಸಮಾಧಾನವಾಗಿ ಕೂತು ಮಾಡಿದ ಕೆಲಸದ ಹಾಗೆ ಕಾಣುತ್ತಿತ್ತು. ನಾನು ಎದ್ದು ಹತ್ತಿರ ಹೋಗಿ ನೋಡಿದೆ. ಆ ಉಂಗುರವನ್ನು ನಾನು ಕಣ್ಣಾರೆ ನೋಡಿದ್ದೆ, ಅದಕ್ಕೇ ಅಷ್ಟು ವರ್ಷ ನಂಬಿದೆ.

ಅಮ್ಮ ಸೆರಗಿನ ಗಂಟು ಬಿಚ್ಚಿದಳು. ಒಳಗೆ ಒಂದು ಹುಳ. ಬೂದಿ ಬಣ್ಣ, ಒಣ ಸಿಪ್ಪೆಯ ಹಾಗೆ ಮಚ್ಚೆ ಮಚ್ಚೆ, ತಲೆಯಿಂದ ಎರಡು ಉದ್ದನೆಯ ಮೀಸೆ. "ಬೆಳಗ್ಗೆ ಈ ಹುಳ ಕಡ್ಡಿ ತಬ್ಬಿಕೊಂಡು ಕೂತಿತ್ತು ಸಾಮಿ. ಸುತ್ತ ಸುತ್ತಿ ಕೊರೀತಿತ್ತು. ತೋರ್ಸೋಣ ಅಂತ ಹಿಡ್ಕೊಂಡು ಬಂದೆ" ಅಂದಳು.

ಯಜಮಾನರು ಅದನ್ನು ಎರಡು ಬೆರಳಲ್ಲಿ ಎತ್ತಿದರು. ಹುಳ ಕಿರ್ ಕಿರ್ ಅಂತ ಸದ್ದು ಮಾಡಿತು. ಸಾಲಿನಲ್ಲಿದ್ದ ಹೆಂಗಸರು ನಕ್ಕರು. ಯಜಮಾನರೂ ನಕ್ಕರು. "ಹುಳ ಎಲೆ ತಿಂತದೆ. ಹುಳ ಎಲ್ಲಾದ್ರೂ ಅಳತೆ ಇಟ್ಟಂಗೆ ಉಂಗುರ ಕೊಯ್ತದೇನೇ?" ಅಂತ ಹೇಳಿ ಅದನ್ನು ಬದುವಿನಾಚೆ ಎಸೆದರು.

ಸಾಯಂಕಾಲ ಕಟ್ಟೆಯ ಹತ್ತಿರ ಬರಲು ಹೇಳಿ ಕಳಿಸಿದರು. ಹತ್ತು ಹದಿನೈದು ಜನ ಸೇರಿದ್ದರು. ಕುಡುಗೋಲು ಯಾರ ಕೈಯಲ್ಲಿ ಇಷ್ಟು ಚೆನ್ನಾಗಿ ಆಡುತ್ತದೆ, ಹೋದ ವಾರ ಯಾರಿಗೆ ಮನೆಯವರ ಮೇಲೆ ಕೋಪ ಬಂದಿತ್ತು ಅಂತ ಯಜಮಾನರು ಎರಡೇ ಮಾತು ಕೇಳಿದರು. ನಾವು ಮನೆಯಲ್ಲಿ ಆಡುವುದು ತೆಲುಗು. ಹೆದರಿದಾಗ ಅಮ್ಮನ ಬಾಯಿಗೆ ಬರುವುದೂ ಅದೇ. "ನೇನು ಕಾದು ಸಾಮೀ, ನೇನು ಕೊಯ್ಯಲೇದು" ಅಂದಳು. ನಾನಲ್ಲ, ನಾನು ಕೊಯ್ದಿಲ್ಲ. ಅದನ್ನೇ ಮೂರು ಸಲ ಹೇಳಿದಳು. ಆಗ ಯಾರೋ, "ಪೊಲೀಸ್ನೋರಿಗೆ ಹೇಳಿದ್ರೆ ನಿಜ ಬರ್ತದೆ ಬಿಡಿ" ಅಂದರು. ಯಜಮಾನರು "ಹಂಗೇ ಮಾಡಣ" ಅಂದರು.

ಅಮ್ಮ ನನ್ನ ಕಡೆ ನೋಡಿದಳು. ಆಮೇಲೆ ನೆಲ ನೋಡಿಕೊಂಡು, ಈ ಸಲ ಕನ್ನಡದಲ್ಲಿ, ಒಂದು ಅಕ್ಷರವೂ ತಡವರಿಸದೆ, "ತಪ್ಪಾಯ್ತು. ನಾನೇ ಕೊಯ್ದೆ. ಬಿಟ್ಬಿಡಿ" ಅಂದಳು.

ಬಿಟ್ಟರು. ಇನ್ನು ಈ ಊರಿನ ಯಾವ ತೋಟಕ್ಕೂ ಕಾಲಿಡಬಾರದು ಅಂತ ಹೇಳಿ ಬಿಟ್ಟರು.

ಮನೆಗೆ ಬರುವಾಗ ನಾನು ಅವಳಿಗಿಂತ ಮುಂದೆ ನಡೆದೆ. ಬಾಗಿಲ ಹತ್ತಿರ ತಿರುಗಿ, "ಯಾಕಮ್ಮ ಹಂಗೆ ಮಾಡ್ದೆ?" ಅಂತ ಕೇಳಿದೆ. "ಓದ್ಕೋ ಹೋಗು" ಅಂದಳು. ಆ ಮಾತನ್ನು ನಾನು ಒಪ್ಪಿಗೆ ಅಂತಲೇ ತಿಳಿದೆ.

ಆಮೇಲೆ ಅಮ್ಮ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಒಂದು ಘಟಕಕ್ಕೆ ಸೇರಿದಳು. ಕುದಿಯುವ ನೀರಿನಲ್ಲಿ ಗೂಡು ಮುಳುಗಿಸಿ, ಬೆರಳಿಂದ ಎಳೆಯ ತುದಿ ಹುಡುಕುವ ಕೆಲಸ. ಬೆಳಗ್ಗೆಯಿಂದ ಸಂಜೆಯವರೆಗೆ ಕೈ ಬಿಸಿನೀರಿನಲ್ಲಿ. ಬೆರಳ ತುದಿ ಬೆಳ್ಳಗೆ ಊದಿ, ಸುಲಿದು, ಮತ್ತೆ ಗಟ್ಟಿಯಾಗಿ, ಕೊನೆಗೆ ಸ್ಪರ್ಶವೇ ಹೊರಟುಹೋಯಿತು. ಈಗಲೂ ಅವಳು ಬಿಸಿ ತಪ್ಪಲೆಯನ್ನು ಬಟ್ಟೆ ಇಲ್ಲದೆ ಎತ್ತುತ್ತಾಳೆ. ಆ ವಾಸನೆ, ಬೆಂದ ಹುಳುವಿನ ವಾಸನೆ, ಎಷ್ಟು ಸೋಪು ಹಾಕಿದರೂ ಅವಳ ಕೂದಲಿನಿಂದ ಹೋಗುತ್ತಿರಲಿಲ್ಲ. ನಾನು ಚಿಕ್ಕಬಳ್ಳಾಪುರದ ಹಾಸ್ಟೆಲಿಗೆ ಸೇರಿದ ಮೇಲೆ ಅವಳು ನೋಡಲು ಬಂದರೆ ಗೇಟಿನ ಹತ್ತಿರವೇ ಮಾತಾಡಿಸಿ ಕಳಿಸುತ್ತಿದ್ದೆ. ವಾಸನೆಗೆ ನಾಚಿಕೆ ಅಂತ ಅವಳು ತಿಳಿದಿದ್ದಳು. ಅದೂ ನಿಜವೇ. ಆದರೆ ಒಳಗಿದ್ದ ನಾಚಿಕೆ ಬೇರೆ. ಪರರ ತೋಟ ಹಾಳು ಮಾಡುವ ಕೈ ಇವಳದು ಅಂತ ನನ್ನ ಮನಸ್ಸು ಹೇಳುತ್ತಿತ್ತು. ಡಿಗ್ರಿಯಲ್ಲಿ ಪ್ರಾಣಿಶಾಸ್ತ್ರದಲ್ಲಿ ಬಹುಮಾನ ಬಂದ ದಿನ ಅವಳಿಗೆ ಹೇಳಿ ಕಳಿಸಲಿಲ್ಲ.

ಎಂ.ಎಸ್ಸಿ. ಮುಗಿದ ಮೇಲೆ ಕೆಲವು ವರ್ಷ ಖಾಸಗಿ ಕಾಲೇಜುಗಳಲ್ಲಿ ಪಾಠ ಮಾಡಿದೆ. ಆಮೇಲೆ ಬೆಂಗಳೂರಿನ ಒಂದು ನಿಸರ್ಗ ಚರಿತ್ರೆಯ ವಸ್ತುಸಂಗ್ರಹಾಲಯದಲ್ಲಿ, ಕೀಟ ವಿಭಾಗದಲ್ಲಿ, ಗುತ್ತಿಗೆ ಕೆಲಸ ಸಿಕ್ಕಿತು. ಚಿಕ್ಕಬಳ್ಳಾಪುರದಲ್ಲಿ ಮನೆ ಬಾಡಿಗೆಗೆ ಹಿಡಿದು ಅಮ್ಮನನ್ನು ಕರೆದುಕೊಂಡು ಬಂದೆ. ಬೆಳಗಿನ ರೈಲಿಗೆ ಹೋಗಿ ಸಂಜೆ ವಾಪಸು ಬರುವುದು. ನಂದಿ ಸ್ಟೇಷನ್ನಿನಲ್ಲಿ ತರಕಾರಿ ಮೂಟೆ ಹತ್ತುವಾಗ ರೈಲು ನಿಂತರೆ ದ್ರಾಕ್ಷಿ ತೋಟಗಳ ಕಡೆ ನೋಡುತ್ತಾ ಕೂತಿರುತ್ತಿದ್ದೆ.

ಕೆಲಸ ನನಗೆ ತುಂಬಾ ಹಿಡಿಸಿತ್ತು. ನೆಲದಿಂದ ಸೂರಿನವರೆಗೆ ಕಪಾಟು, ಕಪಾಟಿನ ತುಂಬ ಗಾಜಿನ ಮುಚ್ಚಳದ ಮರದ ಪೆಟ್ಟಿಗೆಗಳು, ಒಂದೊಂದು ಪೆಟ್ಟಿಗೆಯಲ್ಲೂ ಸಾಲು ಸಾಲಾಗಿ ಸೂಜಿ ಚುಚ್ಚಿ ನಿಲ್ಲಿಸಿದ ಕೀಟಗಳು. ದುಂಬಿಗಳಿಗೆ ಸೂಜಿಯನ್ನು ಬಲಗಡೆಯ ರೆಕ್ಕೆಯ ಮೇಲೇ ಚುಚ್ಚಬೇಕು, ನಡುವೆ ಚುಚ್ಚಬಾರದು. ಕೆಳಗೆ ಅದೇ ಸೂಜಿಗೆ ಉಗುರಿನಷ್ಟು ಅಗಲದ ಚೀಟಿ. ಸಿಕ್ಕ ಊರು, ದಿನ, ಯಾವ ಗಿಡದ ಮೇಲೆ, ಹಿಡಿದವರು ಯಾರು. ಆ ಚೀಟಿ ಕಳೆದುಹೋದರೆ ಹುಳ ಎಷ್ಟು ಚೆನ್ನಾಗಿದ್ದರೂ ಕಸಕ್ಕೆ ಸಮ. ನುಸಿ ಗುಳಿಗೆಯ ವಾಸನೆಗೆ ಮೊದಮೊದಲು ತಲೆ ಸುತ್ತುತ್ತಿತ್ತು, ಆಮೇಲೆ ಅದೂ ರೂಢಿಯಾಯಿತು.

ಉದ್ದ ಮೀಸೆಯ ದುಂಬಿಗಳ ಪೆಟ್ಟಿಗೆಗಳನ್ನು ಬಹಳ ವರ್ಷದಿಂದ ಯಾರೂ ತೆಗೆದಿರಲಿಲ್ಲ. ಒಂದು ಬೇಸಿಗೆಯಲ್ಲಿ ನಮ್ಮ ವಿಭಾಗದ ಮುಖ್ಯಸ್ಥರು, ನಾವೆಲ್ಲ ಸರ್ ಅನ್ನುತ್ತಿದ್ದವರು, ಅವನ್ನೆಲ್ಲ ಹೊಸ ಪೆಟ್ಟಿಗೆಗೆ ಬದಲಾಯಿಸಿ, ಫೋಟೊ ತೆಗೆದು, ಚೀಟಿಯಲ್ಲಿರುವುದನ್ನು ಕಂಪ್ಯೂಟರಿಗೆ ಹಾಕಲು ನನಗೆ ವಹಿಸಿದರು. ಮಾವಿನ ಮರ ಕೊರೆಯುವ ದೊಡ್ಡ ದುಂಬಿಗಳು ನನ್ನ ಕಿರುಬೆರಳಿನಷ್ಟು ಉದ್ದವಿದ್ದವು, ಅವುಗಳ ಮೀಸೆ ಅದಕ್ಕಿಂತಲೂ ಉದ್ದ. ಸ್ವಲ್ಪ ತಗಲಿದರೂ ಮೀಸೆ ಮುರಿಯುತ್ತದೆ. ಉಸಿರು ಬಿಗಿಹಿಡಿದು ಚಿಮಟದಲ್ಲಿ ಎತ್ತಬೇಕು. ಹಸಿರು ಹೊಳೆಯುವವು, ಕಪ್ಪು ಪಟ್ಟೆಯವು, ಕಾಫಿ ಗಿಡದವು, ಜಾಲಿ ಮರದವು. ಹದಿನೈದು ದಿನ ಬೇರೆ ಯಾವುದರ ಮೇಲೂ ಗಮನವಿರಲಿಲ್ಲ.

ಹದಿನಾರನೆಯ ದಿನವೋ ಹದಿನೇಳನೆಯ ದಿನವೋ ಒಂದು ಚಿಕ್ಕ ಪೆಟ್ಟಿಗೆ ತೆರೆದೆ. ಬೂದಿ ಬಣ್ಣದ ಹುಳಗಳು, ಒಣ ಸಿಪ್ಪೆಯ ಹಾಗೆ ಮಚ್ಚೆ. ಎಲ್ಲೋ ನೋಡಿದ್ದೇನೆ ಅನ್ನಿಸಿತು. ಮೊದಲ ಹುಳದ ಕೆಳಗಿನ ಚೀಟಿಯಲ್ಲಿ ಶಿಡ್ಲಘಟ್ಟ ಅಂತ ಹಳೇ ಕಾಲದ ಇಂಗ್ಲಿಷ್ ಕಾಗುಣಿತದಲ್ಲಿತ್ತು. ಇಸವಿ ನಮ್ಮಮ್ಮ ಹುಟ್ಟುವುದಕ್ಕೂ ಮುಂಚಿನದು. ಎರಡನೆಯ ಚೀಟಿಯಲ್ಲಿ ಒಂದೇ ಸಾಲು. ಹಿಪ್ಪುನೇರಳೆಯ ಮೇಲೆ, ಹೆಣ್ಣು ಹುಳ ಕಡ್ಡಿಯ ಸುತ್ತ ಉಂಗುರದಂತೆ ಕೊಯ್ಯುತ್ತದೆ, ಮೇಲಿನ ಭಾಗ ಒಣಗುತ್ತದೆ, ಅದರಲ್ಲಿ ಮೊಟ್ಟೆ ಇಡುತ್ತದೆ.

ಪಕ್ಕದಲ್ಲಿ ಬೆರಳುದ್ದದ ಕಡ್ಡಿಯ ತುಂಡೊಂದನ್ನೂ ಚುಚ್ಚಿ ಇಟ್ಟಿದ್ದರು. ಅದರ ನಡುವೆ ಅದೇ ಉಂಗುರ, ಅದೇ ನುಣ್ಣನೆಯ ಅಂಚು.

ನಾನು ಚಿಮಟ ಕೆಳಗಿಟ್ಟೆ. ಪೆಟ್ಟಿಗೆಯನ್ನು ದೂರ ಸರಿಸಿದೆ. ಸರ್ ಆ ಕಡೆ ಬಂದಾಗ, "ಈ ಹುಳ ಗೊತ್ತಾ ಸರ್?" ಅಂತ ಕೇಳಿದೆ. ಅವರು ಕನ್ನಡಕ ಎತ್ತಿ ನೋಡಿದರು. "ಅಯ್ಯೋ, ತೀರಾ ಸಾಮಾನ್ಯ ಕಣಮ್ಮ. ರೇಷ್ಮೆ ಪುಸ್ತಕದಲ್ಲೆಲ್ಲ ಇದೆ" ಅಂದು ಮುಂದೆ ಹೋದರು.

ತೀರಾ ಸಾಮಾನ್ಯ. ನಾನು ಪ್ರಾಣಿಶಾಸ್ತ್ರ ಓದಿದವಳು. ಐದು ವರ್ಷ ಕೀಟಗಳ ಪಾಠ ಕೇಳಿದವಳು. ನಮ್ಮಮ್ಮ ಅವತ್ತು ಹೇಳಿದ್ದು ನಿಜ ಇರಬಹುದಾ ಅಂತ ಒಂದು ಪುಸ್ತಕ ತೆರೆದು ನೋಡಲಿಲ್ಲ. ನೋಡಬೇಕು ಅಂತ ಒಂದು ಸಲವೂ ಅನ್ನಿಸಲಿಲ್ಲ.

ಅವತ್ತು ಸಂಜೆ ಮನೆಗೆ ಬಂದಾಗ ಅಮ್ಮ ಅಡುಗೆಮನೆಯಲ್ಲಿ ಅಲಸಂದೆ ಕಾಯಿ ಬಿಡಿಸುತ್ತಾ ಕೂತಿದ್ದಳು. ಮೊಬೈಲಿನಲ್ಲಿ ಫೋಟೊ ತೋರಿಸಿದೆ. ಕನ್ನಡಕ ಇಲ್ಲದೆ ಕಾಣುತ್ತಿಲ್ಲ ಅಂದಳು. ಕನ್ನಡಕ ತಂದುಕೊಟ್ಟೆ. ನೋಡಿದಳು.

"ಇದೇ" ಅಂದಳು.

"ಇದು ಕೊಯ್ಯತ್ತಂತೆ ಅಮ್ಮ. ಉಂಗುರದ ತರಾನೇ. ಚೀಟಿಯಲ್ಲಿ ಬರೆದಿಟ್ಟವ್ರೆ. ನಮ್ಮ ಶಿಡ್ಲಘಟ್ಟದ್ದೇ."

"ನಾನು ಹೇಳಿದ್ನಲ್ಲ ಅವತ್ತೇ." ಕಾಯಿ ಬಿಡಿಸುವ ಕೈ ನಿಲ್ಲಲಿಲ್ಲ. ಆಮೇಲೆ ತಲೆ ಎತ್ತಿ, "ನಿಂಗೆ ಇವತ್ತು ಗೊತ್ತಾಯ್ತಾ?" ಅಂತ ಕೇಳಿದಳು.

ಇಷ್ಟು ವರ್ಷ ನಾನೇ ಕೊಯ್ದೆ ಅಂತ ನಂಬಿದ್ದೆಯಾ ಅಂತ ಅವಳು ಕೇಳುತ್ತಿದ್ದಾಳೆ, ನನಗೆ ಅರ್ಥವಾಯಿತು. ಸುಳ್ಳು ಹೇಳಬಹುದಿತ್ತು. "ನೀನೇ ಒಪ್ಕೊಂಡೆಯಲ್ಲಮ್ಮ" ಅಂದೆ.

"ಪೊಲೀಸ್ನೋರು ಅಂದ್ರು. ನಿನ್ನ ಕಣ್ಮುಂದೆ ನನ್ನ ಎಳ್ಕೊಂಡು ಹೋಗ್ತಾರೆ, ನೀನು ಪರೀಕ್ಷೆ ಬರೆಯಲ್ಲ ಅಂತ ಹೆದರಿಕೊಂಡೆ. ಊರಿಗೆ ಅಂತ ಒಪ್ಕೊಂಡೆ. ನಿಂಗೆ ಅಂತ ಒಪ್ಕೊಳ್ಳಲಿಲ್ಲ."

"ನಾನು ಕೇಳಿದಾಗ ಹೇಳ್ಬಹುದಿತ್ತಲ್ಲ."

"ನೀನು ಕೇಳಿದ್ದು ಯಾಕೆ ಹಂಗೆ ಮಾಡ್ದೆ ಅಂತ. ಮಾಡಿದ್ಯಾ ಅಂತ ಕೇಳಲಿಲ್ಲ."

ಅದಾದ ಮೇಲೆ ಅವಳು ಒಂದೊಂದಾಗಿ ಹೇಳತೊಡಗಿದಳು, ಕೋಪವಿಲ್ಲದೆ, ಕಾಯಿ ಬಿಡಿಸುತ್ತಲೇ. ಈ ಮನೆಗೆ ಬಂದ ವರ್ಷ ಪಕ್ಕದವರ ಕರಿಬೇವಿನ ಗಿಡದ ಕೊಂಬೆ ಮುರಿದಿದ್ದಾಗ ನಾನು ಅವಳನ್ನೇ ಮೊದಲು ಕೇಳಿದ್ದು. ಅವಳು ಊರಿಗೆ ಹೋಗಿ ಬರ್ತೀನಿ ಅಂದಾಗಲೆಲ್ಲ ನಾನು ಬೇಡ ಅಂದದ್ದು. ಹೊಸ ಗೆಳತಿಯರು ಬಂದಾಗ ಶಿಡ್ಲಘಟ್ಟದ ಹೆಸರೇ ಎತ್ತದೆ ಇದ್ದದ್ದು. ಎಲ್ಲವನ್ನೂ ಅವಳು ಗಮನಿಸಿದ್ದಳು. ಎಲ್ಲದಕ್ಕೂ ಕಾರಣ ತಿಳಿದಿದ್ದಳು. ಕಾಲು ಹಿಡಿಯಲು ಹೋದೆ. "ಏಳು, ಸಾರಿಗೆ ಇಡು" ಅಂದಳು.

ಆ ವರ್ಷದ ಮಳೆಗಾಲದಲ್ಲಿ ಸಂಗ್ರಹಾಲಯದ ಪರವಾಗಿಯೇ ನಮ್ಮ ಕಡೆಯ ಉದ್ದ ಮೀಸೆಯ ದುಂಬಿಗಳನ್ನು ಹಿಡಿದು ತರಲು ಒಪ್ಪಿಗೆ ಪಡೆದೆ. ನಂದಿಯ ದ್ರಾಕ್ಷಿ ತೋಟಗಳಲ್ಲಿ ಬಳ್ಳಿಯ ಬುಡದಲ್ಲಿ ಉದುರಿದ ಮರದ ಪುಡಿ ಹುಡುಕಿಕೊಂಡು ತಿರುಗಿದೆ. ಚಿಂತಾಮಣಿಯ ಕಡೆ ಮಾವಿನ ತೋಪುಗಳಲ್ಲಿ ದೊಡ್ಡ ದುಂಬಿ ಸಿಕ್ಕಿತು. ಗೌರಿಬಿದನೂರಿನ ಕಡೆ, ತೊಂಡೇಬಾವಿ ಸ್ಟೇಷನ್ನಿನ ಆಚೆಯ ಜಾಲಿ ಮರಗಳಲ್ಲಿ ಇನ್ನೊಂದು ಜಾತಿ. ಎರಡು ಮೂರು ಸಲ ಅಮ್ಮನೂ ಬಂದಳು. ನಾನು ಒಂದು ಮರ ನೋಡಿ ಮುಗಿಸುವಷ್ಟರಲ್ಲಿ ಅವಳು ಮೂರು ನೋಡಿರುತ್ತಿದ್ದಳು. ಒಣಗಿದ ಕೊಂಬೆಯನ್ನು ದೂರದಿಂದಲೇ ಗುರುತಿಸಿ, "ಅಲ್ಲೈತೆ ನೋಡು" ಅನ್ನುತ್ತಿದ್ದಳು. ಅವೇ ನಮಗೆ ಆಮೇಲೆ ಸಿಕ್ಕ ಒಳ್ಳೆಯ ದಿನಗಳು ಅಂತ ಹೇಳಬೇಕು. ಎಣಿಸಿದರೆ ಮೂರು.

ನಮ್ಮೂರಿಗೆ ಮಾತ್ರ ಒಬ್ಬಳೇ ಹೋದೆ. ಅಮ್ಮನಿಗೆ ಹೇಳಲಿಲ್ಲ. ಚಿಕ್ಕ ಪೆಟ್ಟಿಗೆಯಲ್ಲಿ ಆ ಬೂದಿ ಹುಳ ಒಂದನ್ನೂ ಉಂಗುರ ಕೊಯ್ದ ಕಡ್ಡಿಯೊಂದನ್ನೂ ಇಟ್ಟುಕೊಂಡಿದ್ದೆ. ಎರಡೂ ನಾನೇ ಆ ವಾರ ಪಕ್ಕದ ಊರಿನ ತೋಟದಲ್ಲಿ ಹಿಡಿದವು.

ಯಜಮಾನರು ಜಗುಲಿಯ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಎಪ್ಪತ್ತರ ಹತ್ತಿರ, ಆದರೂ ಗಟ್ಟಿಯಾಗಿದ್ದರು. ತೋಟವನ್ನು ಈಗ ಸೊಸೆ ನೋಡಿಕೊಳ್ಳುತ್ತಾಳೆ. "ಯಾರ ಮಗಳಮ್ಮ ನೀನು?" ಅಂದರು. ಹೇಳಿದೆ. ಮುಖದಲ್ಲಿ ಏನೂ ಬದಲಾಗಲಿಲ್ಲ. "ಓಹೋ. ಓದಿ ದೊಡ್ಡೋಳಾಗಿದ್ದೀಯ. ಕೂತ್ಕೋಮ್ಮ" ಅಂದರು. ಎದುರಿಗಿದ್ದ ಕುರ್ಚಿಯನ್ನೇ ತೋರಿಸಿದರು. ಸೊಸೆ ಕಾಫಿ ತಂದಿಟ್ಟಳು.

ನಾನು ಪೆಟ್ಟಿಗೆ ತೆರೆದು ಅವರ ಮುಂದೆ ಹಿಡಿದೆ. ಏನು ಹೇಳಬೇಕು ಅಂತ ಬಸ್ಸಿನಲ್ಲಿ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದೆ. ಅದರಲ್ಲಿ ಒಂದನ್ನೂ ಹೇಳಲು ಅವರು ಬಿಡಲಿಲ್ಲ.

"ಇದಾ? ಇದು ಗೊತ್ತಿರೋದೇ ಕಣಮ್ಮ. ಕಡ್ಡಿ ಕೊಯ್ಯೋ ಹುಳ."

"ಯಾವಾಗಿಂದ ಗೊತ್ತು?"

"ಯಾವಾಗಿಂದ ಅಂದ್ರೆ... ಅದೇ, ಆ ಗಲಾಟೆ ಆಯ್ತಲ್ಲ, ಅದರ ಮಾರನೇ ವರ್ಷ ರೇಷ್ಮೆ ಇಲಾಖೆಯೋರು ತೋಟ ನೋಡೋಕೆ ಬಂದಿದ್ರು. ಅವರೇ ತೋರ್ಸಿದ್ರು. ಒಣಗಿರೋ ಕಡ್ಡಿ ಎಲ್ಲಾ ಕೊಯ್ದು ಸುಡಿ ಅಂದ್ರು. ಸುಟ್ವಿ. ಸರಿಹೋಯ್ತು."

ಮಾರನೇ ವರ್ಷ. ನಾನು ಆಗ ಹತ್ತನೇ ಕ್ಲಾಸು. ಅಮ್ಮನ ಬೆರಳುಗಳು ಆಗಿನ್ನೂ ಪೂರ್ತಿ ಹಾಳಾಗಿರಲಿಲ್ಲ.

"ನಮ್ಮಮ್ಮಂಗೆ ಯಾಕೆ ಹೇಳಲಿಲ್ಲ?"

ಅವರು ನಿಜವಾಗಿಯೂ ಯೋಚಿಸಿದರು. ನಾಟಕ ಮಾಡಲಿಲ್ಲ. "ಆಗ್ಲೇ ಆಯಮ್ಮ ಶಿಡ್ಲಘಟ್ಟಕ್ಕೆ ಕೆಲ್ಸಕ್ಕೆ ಹೋಗ್ತಾ ಇದ್ಲಲ್ಲ. ಹುಡುಕ್ಕೊಂಡು ಹೋಗಿ ಹೇಳೋಕಾಗ್ತದಾ?"

ಒಂದೊಂದು ಬೆಳೆಗೂ ಅವರು ಗೂಡು ಮಾರಲು ಅದೇ ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗುತ್ತಿದ್ದರು. ಅಮ್ಮ ಕೆಲಸ ಮಾಡುತ್ತಿದ್ದ ಘಟಕ ಅಲ್ಲಿಂದ ಎರಡು ಬೀದಿ ಆಚೆ. ರಾತ್ರಿ ಮಲಗಲು ಅವಳು ಬರುತ್ತಿದ್ದುದಂತೂ ಇದೇ ಊರಿಗೆ. ಅದನ್ನು ಹೇಳಿದೆ. ನನ್ನ ಧ್ವನಿ ಏರಿತ್ತು ಅಂತ ಕಾಣುತ್ತದೆ, ಸೊಸೆ ಬಾಗಿಲಿಗೆ ಬಂದು ನಿಂತಳು.

"ನೋಡಮ್ಮ, ಆಗಿದ್ದು ಆಗೋಯ್ತು" ಅಂದರು ಯಜಮಾನರು. "ಅದರಿಂದ ನಿಮಗೆ ಒಳ್ಳೇದೇ ಆಯ್ತಲ್ಲ. ನಿಮ್ಮಮ್ಮ ಇಲ್ಲೇ ಸೊಪ್ಪು ಕೊಯ್ಕೊಂಡು ಇದ್ದಿದ್ರೆ ನೀನೂ ಸೊಪ್ಪೇ ಕೊಯ್ತಿದ್ದೆ. ಈಗ ನೋಡು, ನಮ್ಮನೇಲಿ ಕುರ್ಚಿ ಮೇಲೆ ಕೂತಿದ್ದೀಯ."

ನಾನು ಎದ್ದು ನಿಂತೆ. "ಕಟ್ಟೆ ಹತ್ರ ನಾಲ್ಕು ಜನರ ಮುಂದೆ ಹೇಳಿ. ನಮ್ಮಮ್ಮ ಕೊಯ್ಯಲಿಲ್ಲ ಅಂತ. ಅಷ್ಟು ಮಾಡಿ ಸಾಕು."

"ಅವತ್ತು ಅಲ್ಲಿದ್ದೋರಲ್ಲಿ ಮುಕ್ಕಾಲು ಜನ ಸತ್ತೋಗವ್ರೆ. ಉಳಿದೋರಿಗೆ ಮರ್ತೋಗೈತೆ. ಈಗ ನಾನು ಹೋಗಿ ಹೇಳಿದ್ರೆ, ಏನಿದು ಅಂತ ಹೊಸದಾಗಿ ಕೇಳ್ತಾರೆ. ನಿಮ್ಮಮ್ಮನ ಹೆಸರೇ ಮತ್ತೆ ಬಾಯಿಗೆ ಬೀಳೋದು. ಬೇಕಾ ನಿಂಗೆ?"

ನಾನು ಪೆಟ್ಟಿಗೆ ಮುಚ್ಚಿದೆ. ಕಾಫಿ ಮುಟ್ಟದೆ ಹೊರಟೆ. ಗೇಟಿನ ಹತ್ತಿರ ಸೊಸೆ ಹಿಂದೆಯೇ ಓಡಿಬಂದಳು. ಏನೋ ಸಮಾಧಾನದ ಮಾತು ಹೇಳುತ್ತಾಳೆ ಅಂದುಕೊಂಡೆ. "ಅಕ್ಕಾ, ಈ ವರ್ಷನೂ ಕೆಳಗಿನ ತೋಟದಲ್ಲಿ ಬಂದೈತೆ. ಏನಾದ್ರೂ ಔಷಧಿ ಐತಾ?" ಅಂದಳು. ಬೆಳಗ್ಗೆ ಬೇಗ ಹೋಗಿ ಹುಳ ಕೈಯಲ್ಲೇ ಹಿಡಿಯಬಹುದು, ಉಂಗುರದ ಕೆಳಗೆ ಕೊಯ್ದು ಆ ಕಡ್ಡಿಗಳನ್ನು ಸುಡಬೇಕು ಅಂತ ಹೇಳಿದೆ. ಯಾಕೆ ಹೇಳಿದೆನೋ. ಕೇಳಿದ್ದಕ್ಕೆ ಬಾಯಿ ತಾನಾಗಿ ಹೇಳಿಬಿಟ್ಟಿತು.

ಅಮ್ಮನಿಗೆ ಹೇಳದೆ ಮುಚ್ಚಿಡಲು ಆಗಲಿಲ್ಲ. ಎಲ್ಲ ಕೇಳಿಸಿಕೊಂಡಳು. ಮಾರನೇ ವರ್ಷವೇ ಗೊತ್ತಾಗಿತ್ತಂತೆ ಅನ್ನುವುದನ್ನೂ ಕೇಳಿಸಿಕೊಂಡಳು. ಅವಳಿಗೆ ಸಿಟ್ಟು ಬಂದದ್ದು ಯಜಮಾನರ ಮೇಲಲ್ಲ.

"ನನ್ನ ಕೇಳಿದ್ಯಾ ಹೋಗೋಕೆ ಮುಂಚೆ?"

"ನಿನಗೋಸ್ಕರ ಹೋದೆ ಅಮ್ಮ."

"ನನಗೋಸ್ಕರ ಅಲ್ಲ. ನೀನು ನಂಬಿದ್ದೆಯಲ್ಲ, ಆ ಉರಿಗೆ ಹೋದೆ. ಅವನ ಬಾಯಲ್ಲಿ ಏನಾದ್ರೂ ಹೇಳ್ಸಿದ್ರೆ ನಿಂಗೆ ಹಗುರ ಆಗ್ತದೆ ಅಂತ ಹೋದೆ. ನಾನು ಅವನ ಹತ್ರ ಇಷ್ಟು ವರ್ಷದಲ್ಲಿ ಒಂದು ಮಾತು ಕೇಳಿಲ್ಲ. ಈಗ ನಾನೇ ಮಗಳನ್ನ ಕಳ್ಸಿದೆ ಅಂದ್ಕೊಳ್ತಾನೆ."

ಅವಳು ಹೇಳಿದ್ದು ಸುಳ್ಳಲ್ಲ.

ಮಳೆಗಾಲದಲ್ಲಿ ತಂದ ದುಂಬಿಗಳನ್ನು ಜೋಡಿಸುವಾಗ, ಅಮ್ಮ ಹಿಡಿದವುಗಳ ಚೀಟಿಯಲ್ಲಿ ಹಿಡಿದವರು ಅನ್ನುವ ಕಡೆ ಅವಳ ಹೆಸರನ್ನೇ ಬರೆದೆ. ಸರ್ ಹುಬ್ಬು ಗಂಟಿಕ್ಕಿದರು, ಆದರೆ ತೆಗೆಸಲಿಲ್ಲ. ಆ ವರ್ಷದ ಕೊನೆಯಲ್ಲಿ ಶಾಲೆ ಮಕ್ಕಳಿಗೆಂದು ಕೆಳಗಿನ ಹಾಲಿನಲ್ಲಿ ದುಂಬಿಗಳ ಪ್ರದರ್ಶನ ಇಟ್ಟರು. ಉದ್ದ ಮೀಸೆಯವುಗಳಿಗೆ ಒಂದು ಗಾಜಿನ ಮೇಜು ಸಿಕ್ಕಿತು. ಬೂದಿ ಹುಳವನ್ನೂ ಅದು ಕೊಯ್ದ ಕಡ್ಡಿಯನ್ನೂ ಇಟ್ಟು, ಪಕ್ಕದಲ್ಲಿ ಕನ್ನಡದಲ್ಲಿ ನಾಲ್ಕು ಸಾಲು ಬರೆಯೋಣ, ನಮ್ಮ ಕಡೆಯ ರೈತರ ಮಕ್ಕಳೂ ಬರುತ್ತಾರೆ ಅಂದೆ. ಸರ್ ಪೆಟ್ಟಿಗೆ ನೋಡಿದರು. "ನೋಡೋಕೆ ಚೆನ್ನಾಗಿಲ್ಲಮ್ಮ ಇದು. ಮಣ್ಣಿನ ಬಣ್ಣ. ಮಕ್ಕಳಿಗೆ ಬಣ್ಣಬಣ್ಣದ್ದು ಬೇಕು. ಅಲ್ಲದೆ ನಾವು ಕೃಷಿ ಮೇಳ ಮಾಡ್ತಿಲ್ಲವಲ್ಲ" ಅಂದರು. ಹಸಿರು ಹೊಳೆಯುವ ದುಂಬಿಗಳನ್ನು ಇಟ್ಟೆವು. ಮಕ್ಕಳು ಗಾಜಿಗೆ ಮೂಗು ಒತ್ತಿ ನೋಡಿದರು, ನಿಜ. ಬೂದಿ ಹುಳದ ಪೆಟ್ಟಿಗೆಯನ್ನು ನಾನೇ ಕಪಾಟಿಗೆ ವಾಪಸು ಸೇರಿಸಿ ಬೀಗ ಹಾಕಿದೆ.

ಚೀಟಿಯಲ್ಲಿ ಹೆಸರು ಹಾಕಿದ್ದನ್ನು ಅಮ್ಮನಿಗೆ ಹೇಳಿದಾಗ, "ಅದನ್ನ ಯಾರು ಓದ್ತಾರೆ?" ಅಂತ ಕೇಳಿದಳು. ಅದರ ಮೇಲೆ ಸಂಶೋಧನೆ ಮಾಡುವವರು ಓದುತ್ತಾರೆ ಅಂದೆ. "ವರ್ಷಕ್ಕೆ ಎಷ್ಟು ಜನ ಬರ್ತಾರೆ?" ಅಂದಳು. ಪೆಟ್ಟಿಗೆ ಬದಲಾಯಿಸಿದ ಮೇಲೆ ಆ ಕಪಾಟು ಕೇಳಿಕೊಂಡು ಒಬ್ಬರೇ ಒಬ್ಬರು ಬಂದಿದ್ದರು. ಹಾಗಂತ ಹೇಳಿದೆ. "ಸರಿ" ಅಂದು ಅವಳು ಟೀವಿಯ ಕಡೆ ತಿರುಗಿದಳು.

ಇದೆಲ್ಲ ಆಗಿ ಎರಡು ವರ್ಷ. ನನ್ನ ಗುತ್ತಿಗೆಯನ್ನು ಮತ್ತೆ ಮುಂದುವರಿಸಿದ್ದಾರೆ. ಅಮ್ಮ ನನ್ನ ಜೊತೆ ಚೆನ್ನಾಗೇ ಇದ್ದಾಳೆ. ನೋಡಿದವರು ತಾಯಿ ಮಗಳು ಎಷ್ಟು ಅನ್ಯೋನ್ಯವಾಗಿದ್ದಾರೆ ಅನ್ನುತ್ತಾರೆ. ನಾನು ನಂಬಿದ್ದೆ ಅನ್ನುವುದು ಅವಳಿಗೆ ಮೊದಲಿಂದಲೂ ಗೊತ್ತಿತ್ತು. ಆದರೆ ನನ್ನ ಬಾಯಿಂದ ಕೇಳುವವರೆಗೆ, ಇಲ್ಲದೆಯೂ ಇರಬಹುದು ಅನ್ನುವ ಆಸೆಯೊಂದು ಎಲ್ಲೋ ಉಳಿದಿತ್ತು ಅಂತ ಕಾಣುತ್ತದೆ. ಅದನ್ನು ನಾನು ಆ ಸಂಜೆ ಅಡುಗೆಮನೆಯಲ್ಲಿ ತೆಗೆದುಹಾಕಿದೆ.

ಹೋದ ತಿಂಗಳು ನಾನು ಕೆಲಸದಿಂದ ಬಂದಾಗ ಅಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. ನನ್ನ ನೀಲಿ ಪಿಂಗಾಣಿ ಬಟ್ಟಲು ಒಡೆದಿತ್ತು. ಚೂರುಗಳನ್ನು ಗುಡಿಸದೆ ಬಿದ್ದಲ್ಲೇ ಬಿಟ್ಟಿದ್ದಳು. ನಾನು ಚಪ್ಪಲಿ ಬಿಡುವ ಮುಂಚೆಯೇ ಪಕ್ಕದ ಮನೆಗೆ ಹೋಗಿ ಆ ಮನೆಯಾಕೆಯನ್ನು ಕೈಹಿಡಿದು ಕರೆದುಕೊಂಡು ಬಂದಳು.

"ನೀವೇ ಹೇಳಿ ಇವಳಿಗೆ" ಅಂದಳು. "ಬೆಕ್ಕು ಬೀಳ್ಸಿದ್ದು ತಾನೆ? ನೀವು ಕಿಟಕೀಲಿ ನೋಡಿದ್ರಲ್ಲ?"

ಪಕ್ಕದ ಮನೆಯಾಕೆ ನಕ್ಕು, "ಹೌದು ಕಣಮ್ಮ, ಬೆಕ್ಕೇ. ಇಷ್ಟಕ್ಕೆ ಸಾಕ್ಷಿ ಬೇರೆ ಬೇಕಾ ನಿಮ್ಮಮ್ಮಂಗೆ?" ಅಂದರು.

ನಾನೂ ನಗಬೇಕಾಯಿತು. ಅವರು ಹೋದ ಮೇಲೆ ಪೊರಕೆ ತಂದು ಚೂರುಗಳನ್ನು ಗುಡಿಸಿದೆ. ಅಮ್ಮ ನಾನು ಗುಡಿಸುವುದನ್ನೇ ನೋಡುತ್ತಾ ಗೋಡೆಗೆ ಒರಗಿ ನಿಂತಿದ್ದಳು.